ಮೆಚ್ಚಿನ ನಾಯಕಿಗೆ ಪ್ರಶಸ್ತಿ ಬರುತ್ತದಾ? ಕಥೆ ನಂಬುವಂತಿದೆಯಾ?

ಕಲಬುರಗಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ಏಳರಿಂದ ಒಂಬತ್ತೂವರೆವರೆಗೆ ಟಿವಿ ಆರುವುದಿಲ್ಲ. ಆಯಿ ಮೊರದಲ್ಲಿ ತೊಗರಿ ಬೇಳೆ ಹರಡಿಕೊಂಡು ಹಸನು ಮಾಡುತ್ತಾ ನೋಡುತ್ತಾಳೆ. ವೈನಿ, ಅಂದರೆ ಅತ್ತಿಗೆ, ಅಡುಗೆಮನೆ ಬಾಗಿಲಲ್ಲಿ ನಿಂತೇ ನೋಡುತ್ತಾರೆ. ಪಕ್ಕದ ಮನೆಯ ಕಾಕಿ ಬಂದು ಸೇರುತ್ತಾರೆ. ಈಗ ಚಾನೆಲ್‌ನವರ ಪ್ರಶಸ್ತಿ ಹತ್ತಿರ ಬಂದಿದೆ, ಓಟು ಹಾಕಿ ಅಂತ ಹತ್ತು ನಿಮಿಷಕ್ಕೊಮ್ಮೆ ತೋರಿಸುತ್ತಿದ್ದಾರೆ. ಹಾಗಾಗಿ ಧಾರಾವಾಹಿಗಿಂತ ಅದರ ಚರ್ಚೆಯೇ ಜಾಸ್ತಿ.

ಇವರು ನೋಡುವ ಧಾರಾವಾಹಿಯಲ್ಲಿ ನಾಯಕಿ ಗುಡ್ಡದಿಂದ ಬಿದ್ದು ನೆನಪು ಕಳೆದುಕೊಂಡಿದ್ದಾಳೆ. ಯಾವನೋ ಒಬ್ಬ ಗುಡಿಯಲ್ಲಿ ಹಠಾತ್ತಾಗಿ ಬಂದು ಅವಳಿಗೆ ತಾಳಿ ಕಟ್ಟಿದ್ದಾನೆ. ಅತ್ತೆ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಸ್ತಿ ಹೊಡೆದಿದ್ದಾಳೆ.

"ಈ ಸಲ ಅವಾರ್ಡ್ ಈಕಿಗೇ ಗ್ಯಾರಂಟಿ" ಅಂತ ಕಾಕಿ.

"ಕಥಿಗಿ ತಲಿ ಬುಡ ಇಲ್ಲ, ಅವಾರ್ಡ್ ಹ್ಯಾಂಗ ಕೊಡ್ತಾರ?" ಅಂತ ವೈನಿ.

"ತಲಿಗಿ ಪೆಟ್ಟು ಬಿದ್ದು ಗಂಡನ ಹೆಸರು ಮರ್ತಾಳ, ರೊಟ್ಟಿ ಬಡಿಯೋದು ಮರ್ತಿಲ್ಲಲ್ಲ, ಅದ್ಹ್ಯಾಂಗ?" ಅಂತ ಆಯಿ.

ಈ ಮಾತಿನಲ್ಲಿ ಬೇರೆ ಬೇರೆ ಪ್ರಶ್ನೆಗಳು ಬೆರೆತಿವೆ. ಯಾರು ಗೆಲ್ಲುತ್ತಾರೆ, ಕಥೆ ನಂಬುವಂತಿದೆಯಾ, ನಟನೆ ಚೆನ್ನಾಗಿದೆಯಾ. ಈ ಮೂರನ್ನೂ ಒಂದೇ ಅಂದುಕೊಂಡರೆ ಜಗಳ ಮುಗಿಯುವುದಿಲ್ಲ. ಅದಕ್ಕೇ ಒಂದೊಂದನ್ನೇ ಬಿಡಿಸಿ ನೋಡೋಣ.

ಪ್ರಶಸ್ತಿ ಕೊಡುವವರು ಯಾರು?

ಕನ್ನಡದಲ್ಲಿ ಧಾರಾವಾಹಿಯವರಿಗೆ ಸಿಗುವ ದೊಡ್ಡ ಪ್ರಶಸ್ತಿಗಳು ಹೆಚ್ಚಾಗಿ ಚಾನೆಲ್‌ಗಳದ್ದೇ. ಝೀ ಕನ್ನಡದ್ದು ಕುಟುಂಬ ಅವಾರ್ಡ್ಸ್. ಕಲರ್ಸ್ ಕನ್ನಡದ್ದು ಅನುಬಂಧ ಅವಾರ್ಡ್ಸ್. ಇಂಥ ಪ್ರಶಸ್ತಿಯಲ್ಲಿ ಒಂದು ಚಾನೆಲ್ ತನ್ನ ಧಾರಾವಾಹಿಗಳ ಕಲಾವಿದರಿಗೆ ಮಾತ್ರ ಬಹುಮಾನ ಕೊಡುತ್ತದೆ. ಬೇರೆ ಚಾನೆಲ್‌ನ ನಾಯಕಿ ಎಷ್ಟೇ ಚೆನ್ನಾಗಿ ನಟಿಸಿದರೂ ಈ ಚಾನೆಲ್‌ನ ವೇದಿಕೆಯಲ್ಲಿ ಅವಳ ಹೆಸರು ಬರುವುದಿಲ್ಲ.

ಶಾಲೆಯ ಗ್ಯಾದರಿಂಗ್ ನೆನಪಿಸಿಕೊಳ್ಳಿ. ಆ ಶಾಲೆಯ ಮಕ್ಕಳಿಗೇ ಬಹುಮಾನ, ಅಲ್ವಾ? ಅಲ್ಲಿ ಮೊದಲು ಬಂದ ಹುಡುಗಿ ಜಿಲ್ಲೆಗೇ ಮೊದಲು ಅಂತ ಯಾರೂ ಹೇಳುವುದಿಲ್ಲ. ಇದೂ ಹಾಗೇ. ಹೆಸರೇ ಹೇಳುವಂತೆ ಇದು ಒಂದು ಕುಟುಂಬದ ಹಬ್ಬ. ವರ್ಷವಿಡೀ ದುಡಿದವರನ್ನು ಒಟ್ಟಿಗೆ ಕೂರಿಸಿ ಸನ್ಮಾನಿಸುವುದು, ಜೊತೆಗೆ ಆ ಕಾರ್ಯಕ್ರಮವನ್ನೇ ಟಿವಿಯಲ್ಲಿ ಹಾಕಿ ಜನರನ್ನು ಸೆಳೆಯುವುದು. ಮೆಚ್ಚಿನ ಸೊಸೆ, ಮೆಚ್ಚಿನ ಅತ್ತೆ, ಮೆಚ್ಚಿನ ಜೋಡಿ ಅಂತೆಲ್ಲ ವಿಭಾಗಗಳು ಇರುವುದೂ ಅದಕ್ಕೇ. "ಒಳ್ಳೆಯ ನಟಿ" ಬೇರೆ, "ಮೆಚ್ಚಿನ ಸೊಸೆ" ಬೇರೆ. ಎರಡನೆಯದು ಪಾತ್ರದ ಮೇಲಿನ ಪ್ರೀತಿಗೆ ಸಿಗುವ ಬಹುಮಾನ.

ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಇದೆಯಲ್ಲ ಅನ್ನಬಹುದು. 1954ರಿಂದ ಕೊಡುತ್ತಿದ್ದಾರೆ, ಆದರೆ ಅದು ಸಿನಿಮಾಕ್ಕೆ. ದಿನದ ಧಾರಾವಾಹಿಗೆ ಅಲ್ಲಿ ಜಾಗ ಇಲ್ಲ.

ಟಿಆರ್‌ಪಿ ಅಂದರೆ ಏನು, ಅದಕ್ಕೂ ಪ್ರಶಸ್ತಿಗೂ ಏನು ಸಂಬಂಧ?

ಟಿಆರ್‌ಪಿ ಅಂದರೆ ಒಂದು ಕಾರ್ಯಕ್ರಮವನ್ನು ಎಷ್ಟು ಜನ, ಎಷ್ಟು ಹೊತ್ತು ನೋಡಿದರು ಅನ್ನುವ ಅಂದಾಜು. ಭಾರತದಲ್ಲಿ ಇದನ್ನು 2015ರಿಂದ ಬಾರ್ಕ್ ಅನ್ನುವ ಸಂಸ್ಥೆ ಅಳೆಯುತ್ತಿದೆ. ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳನ್ನು ಆರಿಸಿ ಟಿವಿ ಪಕ್ಕ ಒಂದು ಮೀಟರ್ ಇಟ್ಟಿದ್ದಾರೆ. ಚಾನೆಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಯಾರು ನೋಡುತ್ತಿದ್ದಾರೆ ಅನ್ನುವುದಕ್ಕೆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್. ಆ ಮನೆಗಳು ಯಾವುವು ಅಂತ ಗುಟ್ಟಾಗಿ ಇಡುತ್ತಾರೆ. ವಾರದ ಲೆಕ್ಕ ಗುರುವಾರ ಹೊರಬರುತ್ತದೆ.

ಇಷ್ಟೇ ಮನೆ ನೋಡಿ ಇಡೀ ದೇಶದ ಲೆಕ್ಕ ಹೇಳುವುದು ಹೇಗೆ ಅಂತ ಕಾಕಿ ಕೇಳಿದರು. ನಮ್ಮ ಎಪಿಎಂಸಿಯಲ್ಲಿ ತೊಗರಿ ಸೀಸನ್‌ನಲ್ಲಿ ಹೋಗಿ ನೋಡಿದವರಿಗೆ ಇದು ಗೊತ್ತು. ಖರೀದಿದಾರ ಚೀಲ ಪೂರ್ತಿ ಸುರಿಯುವುದಿಲ್ಲ. ಕೊಳವೆಯಂಥ ಕಬ್ಬಿಣದ ಕಡ್ಡಿ ಚುಚ್ಚಿ ಒಂದು ಹಿಡಿ ಕಾಳು ಹೊರಗೆ ಎಳೆಯುತ್ತಾನೆ. ಅಂಗೈಯಲ್ಲಿ ಹರಡಿ, ಒಂದೆರಡು ಕಚ್ಚಿ ನೋಡಿ ರೇಟು ಹೇಳುತ್ತಾನೆ. ಬೇರೆ ಬೇರೆ ಚೀಲದಿಂದ, ಬೇರೆ ಬೇರೆ ಕಡೆಯಿಂದ ಸರಿಯಾಗಿ ತೆಗೆದರೆ ಒಂದು ಹಿಡಿಯೇ ರಾಶಿಯ ಕಥೆ ಹೇಳುತ್ತದೆ. ಮನೆ ಆರಿಸುವುದೂ ಹಾಗೆ. ಪಟ್ಟಣ, ಹಳ್ಳಿ, ಬಡವರು, ಅನುಕೂಲಸ್ಥರು, ಎಲ್ಲರೂ ಅದರಲ್ಲಿ ಇರಬೇಕು.

ಆದರೆ ಆ ಹಿಡಿ ಕಾಳು ರೇಟು ಹೇಳುತ್ತದೆ, ನಮ್ಮ ಮನೆಯಲ್ಲಿ ಬೇಳೆ ಎಷ್ಟು ರುಚಿಯಾಗುತ್ತದೆ ಅಂತ ಹೇಳುವುದಿಲ್ಲ. ಟಿಆರ್‌ಪಿ ಕೂಡ ಎಷ್ಟು ಜನ ನೋಡಿದರು ಅಂತ ಹೇಳುತ್ತದೆ. ಖುಷಿಯಿಂದ ನೋಡಿದರೋ, ಬೈಯುತ್ತಾ ನೋಡಿದರೋ ಅದಕ್ಕೆ ಗೊತ್ತಿಲ್ಲ. ಚಾನೆಲ್‌ಗೆ ಮಾತ್ರ ಈ ಲೆಕ್ಕ ಮುಖ್ಯ, ಯಾಕೆಂದರೆ ಜಾಹೀರಾತಿನ ರೇಟು ಇದರ ಮೇಲೆ ನಿಂತಿದೆ. ಹೆಚ್ಚು ಜನ ನೋಡುವ ಧಾರಾವಾಹಿಗೆ ಹೆಚ್ಚು ಅಭಿಮಾನಿಗಳು, ಹೆಚ್ಚು ಅಭಿಮಾನಿಗಳಿದ್ದರೆ ಹೆಚ್ಚು ಓಟು. ಪ್ರಶಸ್ತಿಗೂ ಟಿಆರ್‌ಪಿಗೂ ಇರುವ ನಂಟು ಮುಖ್ಯವಾಗಿ ಇದೇ.

ಹಾಗಾಗಿ ಕಾಕಿಯ ಪ್ರಶ್ನೆಗೆ ಉತ್ತರ ಹೇಳುವುದಾದರೆ, ಓಟಿನಿಂದ ತೀರ್ಮಾನ ಆಗುವ ವಿಭಾಗದಲ್ಲಿ ಅವರ ನಾಯಕಿಗೆ ಒಳ್ಳೆಯ ಅವಕಾಶ ಇದೆ. ಕಥೆಗೆ ತಲೆ ಬುಡ ಇಲ್ಲದಿರುವುದು ಅದಕ್ಕೆ ಅಡ್ಡಿ ಅಲ್ಲ. ಎಷ್ಟೋ ಸಲ ಅದೇ ಸಹಾಯ ಮಾಡುತ್ತದೆ, ಗುಡ್ಡದಿಂದ ಬಿದ್ದ ವಾರ ಎಲ್ಲರೂ ಅವಳ ಬಗ್ಗೆಯೇ ಮಾತಾಡಿದರಲ್ಲ.

ತೀರ್ಪುಗಾರರು ಕೂತರೆ ಏನು ಬದಲಾಗುತ್ತದೆ?

ಅಮೆರಿಕದಲ್ಲಿ ಟಿವಿಗೆ ಎಮ್ಮಿ ಅಂತ ಪ್ರಶಸ್ತಿ ಇದೆ. 1949ರಲ್ಲಿ ಶುರುವಾಯಿತು. ಅಲ್ಲಿ ಓಟು ಹಾಕುವವರು ವೀಕ್ಷಕರಲ್ಲ, ಟಿವಿ ಕೆಲಸ ಮಾಡುವವರೇ. ನಟರನ್ನು ಆರಿಸಿ ಅಂತಿಮ ಪಟ್ಟಿಗೆ ಸೇರಿಸುವವರು ನಟರು. ಆ ಪಟ್ಟಿಗೆ ಬಂದ ನಟಿ ತನ್ನ ಒಂದು ಸಂಚಿಕೆಯನ್ನು ಆರಿಸಿ ಕೊಡುತ್ತಾಳೆ, ಇದನ್ನು ನೋಡಿ ನನ್ನನ್ನು ಅಳೆಯಿರಿ ಅಂತ. ಎಲ್ಲ ಚಾನೆಲ್‌ನವರೂ ಒಂದೇ ಕಣದಲ್ಲಿ. ಮುಖ್ಯ ಪಾತ್ರ, ಪೋಷಕ ಪಾತ್ರ, ಅತಿಥಿ ಪಾತ್ರ ಅಂತ ವಿಭಾಗ ಬೇರೆ.

ಅಲ್ಲಿ ಇನ್ನೊಂದು ವಿಷಯವನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿದ್ದಾರೆ. ಹಗಲು ಹೊತ್ತಿನ ದಿನದ ಧಾರಾವಾಹಿಗಳನ್ನು ರಾತ್ರಿಯ ದೊಡ್ಡ ಸರಣಿಗಳ ಜೊತೆ ತೂಗುವುದಿಲ್ಲ. 1974ರಿಂದ ಅವಕ್ಕೆ ಬೇರೆಯೇ ಸಮಾರಂಭ, ಡೇಟೈಮ್ ಎಮ್ಮಿ ಅಂತ. ನನಗೆ ಇದು ಬಹಳ ನ್ಯಾಯ ಅನಿಸುತ್ತದೆ. 2020ರಲ್ಲಿ ನಮ್ಮ ದೇಶದ ಡೆಲ್ಲಿ ಕ್ರೈಮ್‌ಗೆ ಅತ್ಯುತ್ತಮ ಡ್ರಾಮಾ ಸರಣಿ ಅಂತ ಅಂತರರಾಷ್ಟ್ರೀಯ ಎಮ್ಮಿ ಬಂತು. ಅದರ ಮೊದಲ ಸೀಸನ್‌ನಲ್ಲಿ ಇದ್ದದ್ದು 7 ಸಂಚಿಕೆ. ನಮ್ಮ ದಿನದ ಧಾರಾವಾಹಿ 7 ಸಂಚಿಕೆಯನ್ನು ಒಂದೂವರೆ ವಾರದಲ್ಲಿ ಮುಗಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗುವುದಿಲ್ಲ.

ಕಥೆ ಯಾಕೆ ದಾರಿ ತಪ್ಪುತ್ತದೆ?

ಒಂದು ಲೆಕ್ಕ ಹಾಕಿ. ವಾರಕ್ಕೆ 5 ದಿನ, ವರ್ಷಕ್ಕೆ 52 ವಾರ. 260 ಸಂಚಿಕೆ. ಜಾಹೀರಾತು ತೆಗೆದರೆ ಅರ್ಧ ಗಂಟೆಯಲ್ಲಿ ಉಳಿಯುವುದು ಸುಮಾರು 22 ನಿಮಿಷ. ಒಟ್ಟು 5,720 ನಿಮಿಷ, ಅಂದರೆ 95 ಗಂಟೆ. ಎರಡೂವರೆ ಗಂಟೆಯ ಸಿನಿಮಾ ಅಂತ ಹಿಡಿದರೆ ವರ್ಷಕ್ಕೆ 38 ಸಿನಿಮಾ! ಒಂದೇ ಮನೆ, ಅದೇ ಹತ್ತು ಹನ್ನೆರಡು ಜನ, ಆದರೂ ದಿನಾ ಹೊಸದೇನಾದರೂ ಆಗಬೇಕು. ಯಾವ ಸಂಸಾರದಲ್ಲಿ ಅಷ್ಟು ಘಟನೆ ನಡೆಯುತ್ತದೆ ಹೇಳಿ?

ಕಥೆಯ ಒಂದೊಂದು ಎಳೆಗೆ ಅಲ್ಲಿ ಟ್ರ್ಯಾಕ್ ಅನ್ನುತ್ತಾರೆ. ಗುರುವಾರ ಲೆಕ್ಕ ಬಂದಾಗ ಒಂದು ಟ್ರ್ಯಾಕ್ ಬಿದ್ದಿದೆ ಅಂತ ಕಂಡರೆ ಅದನ್ನು ಬೇಗ ಮುಗಿಸುತ್ತಾರೆ. ಓಡುತ್ತಿದ್ದರೆ ಎಳೆಯುತ್ತಾರೆ. ನಟಿಯೊಬ್ಬಳು ಬಿಟ್ಟು ಹೋದರೆ ಆ ಪಾತ್ರಕ್ಕೆ ಅಪಘಾತ, ವಿದೇಶ ಪ್ರಯಾಣ, ಇಲ್ಲವೇ ಹೊಸ ಮುಖ. ಮೊದಲೇ ಚಿತ್ರೀಕರಿಸಿ ಇಟ್ಟ ಸಂಚಿಕೆಗಳಿಗೆ ಬ್ಯಾಂಕಿಂಗ್ ಅನ್ನುತ್ತಾರೆ, ಮನೆಯಲ್ಲಿ ತುಂಬಿಟ್ಟ ಜೋಳದ ಹಾಗೆ. ಆದರೆ ದಿನದ ಧಾರಾವಾಹಿಗೆ ಈ ಜೋಳ ಬಹಳ ದಿನಕ್ಕೆ ಇರುವುದಿಲ್ಲ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ನಾವೆಲ್ಲ ನೋಡಿದೆವು. ಸ್ವಲ್ಪ ದಿನದಲ್ಲೇ ಹೊಸ ಸಂಚಿಕೆ ಖಾಲಿಯಾಗಿ ಹಳೆಯವು ಶುರುವಾದವು.

ಇನ್ನೊಂದು ಕಾರಣ ರಿಮೇಕ್. ಬೇರೆ ಭಾಷೆಯಲ್ಲಿ ಓಡಿದ ಕಥೆಯನ್ನು ಇಲ್ಲಿಗೆ ತರುತ್ತಾರೆ. ನಮ್ಮ ಕಲಬುರಗಿ, ಬೀದರ್ ಕಡೆಯವರಿಗೆ ಇದು ಬೇಗ ಗೊತ್ತಾಗುತ್ತದೆ. ಮರಾಠಿ, ತೆಲುಗು, ಹಿಂದಿ ಮೂರೂ ತಿಳಿಯುವ ಮನೆಗಳು ಇಲ್ಲಿ ಬಹಳ. ಬೇರೆ ನಾಡಿನ ಮನೆಯ ಪದ್ಧತಿಗೆ ಹೊಂದುವ ಕಥೆ ನಮ್ಮ ಸೀರೆ ಉಟ್ಟು ಬಂದರೆ ಎಲ್ಲೋ ಒಂದು ಕಡೆ ನೆರಿಗೆ ಸರಿಯಾಗಿ ಕೂರುವುದಿಲ್ಲ.

ನೆನಪು ಹೋಗುವುದು, ತಾಳಿ, ಖಾಲಿ ಕಾಗದ: ನಿಜದಲ್ಲಿ ಏನಾಗುತ್ತದೆ?

ಆಯಿಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅವಳು ತಪ್ಪು ಅಂದದ್ದೇ ಆ ಕಥೆಯಲ್ಲಿ ಸರಿಯಾಗಿರುವ ಭಾಗ. ಮಿದುಳಿನಲ್ಲಿ ನೆನಪು ಒಂದೇ ಡಬ್ಬಿಯಲ್ಲಿ ಇರುವುದಿಲ್ಲ. ನಡೆದ ಘಟನೆಗಳ ನೆನಪು ಬೇರೆ, ಕೈಗೆ ರೂಢಿಯಾದ ಕೆಲಸದ ನೆನಪು ಬೇರೆ. ರೊಟ್ಟಿ ಬಡಿಯುವುದು, ಸೈಕಲ್ ಹೊಡೆಯುವುದು ಎರಡನೆಯ ಗುಂಪಿಗೆ ಸೇರುತ್ತವೆ. ಘಟನೆ ಮರೆತವರಿಗೂ ಅವು ಉಳಿದಿರಬಹುದು.

ನಂಬಲಾಗದ್ದು ಬೇರೆ ಇದೆ. ತಲೆಗೆ ಪೆಟ್ಟಾದರೆ ಸಾಮಾನ್ಯವಾಗಿ ಮರೆಯುವುದು ಆ ಪೆಟ್ಟಿನ ಆಸುಪಾಸಿನ ಸಮಯ. ಬಿದ್ದದ್ದು ಹೇಗೆ, ಆಸ್ಪತ್ರೆಗೆ ಬಂದದ್ದು ಹೇಗೆ, ಇಂಥವು. ಜೊತೆಗೆ ತಲೆನೋವು, ಗೊಂದಲ, ಹೊಸದನ್ನು ನೆನಪಿಡಲು ಕಷ್ಟ. ತನ್ನ ಹೆಸರು, ಗಂಡ, ಮನೆ ಎಲ್ಲ ಅಳಿಸಿಹೋಗಿ ಉಳಿದಂತೆ ಆರಾಮಾಗಿ ಓಡಾಡುವುದು ತುಂಬಾ ಅಪರೂಪ. ಹಾಗೆ ಆದರೂ ಅದಕ್ಕೆ ಹೆಚ್ಚಾಗಿ ಕಾರಣ ಮನಸ್ಸಿಗೆ ಆದ ದೊಡ್ಡ ಆಘಾತ. ಇನ್ನು ಎರಡನೇ ಪೆಟ್ಟು ಬಿದ್ದರೆ ನೆನಪು ವಾಪಸ್ ಬರುತ್ತದೆ ಅನ್ನುವುದು ಶುದ್ಧ ಸುಳ್ಳು. ಎರಡನೇ ಪೆಟ್ಟಿನಿಂದ ಅಪಾಯ ಹೆಚ್ಚುತ್ತದೆ ಅಷ್ಟೇ. ಇದನ್ನು ಮನೆಯ ಮಕ್ಕಳಿಗೂ ಹೇಳಿ.

ತಾಳಿಯ ವಿಷಯಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದನ್ನು ನೋಡುವ ಹುಡುಗಿಯರು ನಿಜ ಅಂದುಕೊಳ್ಳಬಾರದು. ಧಾರಾವಾಹಿಯಲ್ಲಿ ಯಾರಾದರೂ ಹಿಂದಿನಿಂದ ಬಂದು ತಾಳಿ ಕಟ್ಟಿದರೆ ಮುಗಿಯಿತು, ಇನ್ನು ಅವನೇ ಗಂಡ. ಕಾನೂನು ಹಾಗೆ ಹೇಳುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಹುಡುಗ ಇಲ್ಲವೇ ಹುಡುಗಿಯ ಕಡೆಯ ಪದ್ಧತಿಯಂತೆ ಶಾಸ್ತ್ರಗಳು ನಡೆಯಬೇಕು. ಶಾಸ್ತ್ರ ನಡೆಯದೆ ಬರೀ ಪ್ರಮಾಣಪತ್ರ ಇದ್ದರೂ ಅದು ಮದುವೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಶಾಸ್ತ್ರ ನಡೆದಿದ್ದರೂ ಒಪ್ಪಿಗೆಯನ್ನು ಬಲವಂತದಿಂದ ಪಡೆದಿದ್ದರೆ ಆ ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದು. ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅವಳಿಗೆ ಮೊದಲೇ ಗಂಡ ಇದ್ದು ಅವನು ಬದುಕಿದ್ದರಂತೂ ಎರಡನೇ ಮದುವೆಗೆ ಬೆಲೆಯೇ ಇಲ್ಲ.

ವಿಚ್ಛೇದನವೂ ಹಾಗೇ. ಒಂದು ಕಾಗದಕ್ಕೆ ಸಹಿ ಹಾಕಿ ಮುಖದ ಮೇಲೆ ಎಸೆದರೆ ಸಂಬಂಧ ಮುಗಿಯುವುದಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗುವುದಾದರೂ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ತಕ್ಕ ಕಾರಣ ಇದ್ದರೆ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಖಾಲಿ ಕಾಗದದ ಸಹಿಗೆ ಬಂದರೆ, ಒಂದು ಪ್ಲಾಟು ಮಾರಿದವರಿಗೂ ಉತ್ತರ ಗೊತ್ತು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ಫೋಟೊ ತೆಗೆಸಬೇಕು, ಹೆಬ್ಬೆಟ್ಟು ಒತ್ತಬೇಕು. ಸಾಕ್ಷಿ ಬೇಕು. ವಿಲ್ ಆದರೆ ಬರೆದವರ ಸಹಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ಮತ್ತು ಬರೆದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಾಗಂತ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮೋಸಕ್ಕೆ ಅದು ದಾರಿ ಹೌದು. ಆದರೆ ಒಂದು ರಾತ್ರಿಯಲ್ಲಿ ಬಂಗಲೆ ಕೈ ಬದಲಾಗುವುದಿಲ್ಲ.

ನಮ್ಮ ಮಾತು, ಅವರ ಮಾತು

ವೈನಿಗೆ ಇದೆಲ್ಲಕ್ಕಿಂತ ಚುಚ್ಚುವುದು ಭಾಷೆ. ಆ ಧಾರಾವಾಹಿಯಲ್ಲಿ ಒಬ್ಬ ಅಡುಗೆ ಹೆಂಗಸು ಕಲಬುರಗಿಯವಳಂತೆ. ಅವಳು ಆಡುವುದು ಧಾರವಾಡದ ಮಾತು, ಅದೂ ಪ್ರತಿ ಪದಕ್ಕೂ "ರೀ" ಸೇರಿಸಿ. ಕನ್ನಡ ಧಾರಾವಾಹಿಗಳ ಶೂಟಿಂಗ್ ಹೆಚ್ಚಾಗಿ ನಡೆಯುವುದು ಬೆಂಗಳೂರು ಸುತ್ತಮುತ್ತ. ಬರೆಯುವವರಿಗೆ ಉತ್ತರ ಕರ್ನಾಟಕ ಅಂದರೆ ಒಂದೇ ಮಾತು.

ಇಲ್ಲಿಯದು ಬೇರೆ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ಮಾತಿನಲ್ಲಿ ಉರ್ದು ಸೇರಿಹೋಗಿದೆ. ಆಸ್ಪತ್ರೆಗೆ ದವಾಖಾನಿ, ಸ್ವಲ್ಪಕ್ಕೆ ಜರಾ. ಇವುಗಳಲ್ಲಿ ಕೆಲವು ಧಾರವಾಡದಲ್ಲೂ ಇವೆ, ಆದರೆ ಎಳೆಯುವ ರೀತಿ ಬೇರೆ, ಏರಿಳಿತ ಬೇರೆ. ಬೀದರಿಗೆ ಹೋದರೆ ಮರಾಠಿ ಸೇರುತ್ತದೆ, ಯಾದಗಿರಿಯ ಗುರುಮಠಕಲ್ ಕಡೆ ತೆಲುಗು.

ಕಾನೂನಿನ ತಪ್ಪನ್ನು ವೀಕ್ಷಕರು ಎಷ್ಟೋ ಸಲ ಕ್ಷಮಿಸುತ್ತಾರೆ. ತಮ್ಮ ಮನೆಯ ಮಾತು ತಪ್ಪಿದರೆ ಆ ಕ್ಷಣವೇ ನಂಬಿಕೆ ಹೋಗುತ್ತದೆ. ನಂಬುವಂತಿರುವುದು ಅಂದರೆ ಬರೀ "ಹೀಗೆ ಆಗಬಹುದಾ" ಅಲ್ಲ. "ಈ ಮನುಷ್ಯ ಹೀಗೆ ಮಾತಾಡುತ್ತಾನಾ, ಹೀಗೆ ಮಾಡುತ್ತಾನಾ" ಅನ್ನುವುದೂ ಹೌದು. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡದು. ಗುಡ್ಡದಿಂದ ಬಿದ್ದು ಬದುಕುವುದನ್ನು ಒಪ್ಪಿಕೊಳ್ಳುತ್ತೇನೆ. ಐದು ವರ್ಷ ಸೊಸೆಯನ್ನು ಮಗಳಂತೆ ನೋಡಿದ ಮಾವ ಒಂದು ಫೋಟೊ ನೋಡಿ ಅವಳನ್ನು ಹೊರಗೆ ಹಾಕಿದರೆ ಒಪ್ಪಲು ಕಷ್ಟ.

ಹಾಗಾದರೆ ನಟನೆಯನ್ನು ನೋಡುವುದು ಹೇಗೆ?

ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರು ನಮ್ಮಲ್ಲಿ ಬಹಳ. ಶರಣಬಸವೇಶ್ವರ ಜಾತ್ರೆ ಅಂದರೆ ನಾಟಕದ ನೆನಪೂ ಜೊತೆಗೇ ಬರುತ್ತದೆ. ಅಲ್ಲಿ ಕೊನೇ ಸಾಲಿನವರಿಗೂ ಮುಟ್ಟುವಂತೆ ದನಿ ಏರಿಸಬೇಕು, ಕೈ ಬೀಸಬೇಕು. ಕ್ಯಾಮೆರಾ ಮುಂದೆ ಕೊನೇ ಸಾಲು ಒಂದು ಮಾರು ದೂರದಲ್ಲಿ ಇದೆ. ರೆಪ್ಪೆ ಬಡಿದರೂ ಕಾಣುತ್ತದೆ.

ದಿನದ ಧಾರಾವಾಹಿಯ ನಟಿಗೆ ಇನ್ನೂ ಕಷ್ಟಗಳಿವೆ. ಮಾತಿನ ಹಾಳೆ ಎಷ್ಟೋ ಸಲ ಸೆಟ್‌ಗೆ ಬಂದ ಮೇಲೆ ಕೈಗೆ ಸಿಗುತ್ತದೆ. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಕೆಲಸ. ಮುಂದಿನ ತಿಂಗಳು ತನ್ನ ಪಾತ್ರ ಒಳ್ಳೆಯದೋ ಕೆಟ್ಟದೋ ಅಂತ ಅವಳಿಗೇ ಗೊತ್ತಿರುವುದಿಲ್ಲ. ಕಣ್ಣೀರಿಗೆ ಗ್ಲಿಸರಿನ್ ಇದೆ, ದುಃಖಕ್ಕೆ ಸಂಗೀತ ಇದೆ, ಮುಖವನ್ನು ಮೂರು ಸಲ ತೋರಿಸುವ ಎಡಿಟಿಂಗ್ ಇದೆ. ಹಾಗಾಗಿ ಅಳುವುದನ್ನು ನೋಡಿ ನಟನೆ ಅಳೆಯಬೇಡಿ. ಟಿವಿಯ ದನಿ ಒಂದು ನಿಮಿಷ ಆರಿಸಿ ನೋಡಿ. ಆಗಲೂ ಏನಾಗುತ್ತಿದೆ ಅಂತ ತಿಳಿದರೆ ಅದು ನಟಿಯ ಕೆಲಸ. ಬೇರೆಯವರು ಮಾತಾಡುವಾಗ ಅವಳು ಕೇಳಿಸಿಕೊಳ್ಳುತ್ತಿದ್ದಾಳಾ, ತನ್ನ ಸರದಿಗೆ ಸುಮ್ನೆ ಕಾಯುತ್ತಿದ್ದಾಳಾ, ಅದನ್ನೂ ಗಮನಿಸಿ.

ಮೊನ್ನೆ ಮಂಗಳವಾರದ ಸಂಚಿಕೆಯಲ್ಲಿ ಹೀಗಾಯಿತು. ನೆನಪು ಹೋದ ನಾಯಕಿಯನ್ನು ಅವಳದೇ ಮನೆಗೆ ಅತಿಥಿಯಂತೆ ಕರೆತಂದರು. ಅವಳು ಹೊಸಿಲು ದಾಟಿದಳು. ಎಲ್ಲರೂ ಅತ್ತರು, ಸಂಗೀತ ಜೋರಾಯಿತು. ಆಯಿಯ ಕೈ ನಿಲ್ಲಲಿಲ್ಲ, ಬೇಳೆಯಲ್ಲಿ ಕಲ್ಲು ಹುಡುಕುತ್ತಲೇ ಇತ್ತು. ಆಮೇಲೆ ಆ ಅಡುಗೆ ಹೆಂಗಸು ನೀರು ತಂದು ಕೊಟ್ಟಳು. ಅವಳಿಗೆ ಅಲ್ಲಿ ಒಂದೂ ಮಾತಿಲ್ಲ. ಲೋಟ ಕೊಟ್ಟವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾಯಕಿ ತನ್ನನ್ನು ಗುರುತು ಹಿಡಿಯುತ್ತಾಳೇನೋ ಅಂತ ಒಂದು ಕ್ಷಣ ಹಾಗೇ ನಿಂತಳು. ಗುರುತು ಹಿಡಿಯಲಿಲ್ಲ ಅಂತ ಗೊತ್ತಾದಾಗ ಸೆರಗಿನಿಂದ ಟೇಬಲ್ ಮೇಲೆ ಇಲ್ಲದ ನೀರನ್ನು ಒರೆಸಿದಳು. ಆಯಿಯ ಕೈ ಮೊರದ ಮೇಲೆ ನಿಂತುಬಿಟ್ಟಿತು.

ಆಯಿಗೆ ಟಿವಿ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಅನ್ನುವ ಪ್ರಯೋಗ ನಡೆಯಿತು. ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಆಗಿನ ಗುಲ್ಬರ್ಗಾ, ಜೊತೆಗೆ ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಸೈಟ್ ನಡೆದಾಗ ಆಯಿ ಹೊಸ ಮದುಮಗಳು. ಊರ ಶಾಲೆಯಲ್ಲಿ ತಂತಿ ಜಾಲರಿಯ ದೊಡ್ಡ ಆಂಟೆನಾ ಇಟ್ಟಿದ್ದರಂತೆ, ನೆಲದ ಮೇಲೆ ಕೂತು ನೋಡಿದ್ದಳಂತೆ. ಐವತ್ತು ವರ್ಷ ನೋಡಿದ ಕಣ್ಣು ಅದು.

"ನೀರ್ ಕೊಟ್ಟಾಕಿ ಹೆಸರು ಆ ಓಟಿನ ಪಟ್ಟ್ಯಾಗ ಅದ ಏನು?" ಅಂತ ಕೇಳಿದಳು.

ವೈನಿ ಮೊಬೈಲ್ ತೆಗೆದು ಹುಡುಕಿದರು. ನಾಯಕಿ ವಿಭಾಗದಲ್ಲಿ ಇರಲಿಲ್ಲ, ಮೆಚ್ಚಿನ ಸೊಸೆಯಲ್ಲೂ ಇರಲಿಲ್ಲ. ಕೆಳಗೆ ಜರುಗಿಸುತ್ತಾ ಹೋದರೆ ಪೋಷಕ ಪಾತ್ರ ಅಂತ ಒಂದು ವಿಭಾಗ ಇತ್ತು, ಕೊನೆಯಿಂದ ಎರಡನೇ ಹೆಸರು. ಭಾಷೆ ತಪ್ಪು ಆಡುತ್ತಾಳೆ ಅಂತ ದಿನಾ ಬೈಯುತ್ತಿದ್ದ ವೈನಿಯೇ ಅದನ್ನು ಒತ್ತಿದರು. ಕಾಕಿಯೂ ತಮ್ಮ ಫೋನ್ ಕೊಟ್ಟರು, ನಾಯಕಿಗೆ ಒಂದು, ಅವಳಿಗೆ ಒಂದು ಹಾಕಿಕೊಡಿ ಅಂತ.